ವೈರು ಕಿತ್ತು ನೋಡುವ ಚಟ

ಹಾರೂಗೇರಿ ಬಸ್ ಸ್ಟ್ಯಾಂಡಿನಿಂದ ರಾಯಬಾಗದ ರಸ್ತೆಗೆ ತಿರುಗಿದರೆ ಎಡಗಡೆಯ ಮೂರನೆಯ ಶಟರ್ ನನ್ನದಾಗಿತ್ತು. ಈಗ ಅಲ್ಲಿ ಮೊಬೈಲ್ ಕವರು ಮಾರುತ್ತಾರೆ. ಬಾಗಿಲ ಮುಂದಿನ ಚಪ್ಪಡಿಯ ಮೇಲೆ ಬ್ಯಾಟರಿ ಆಸಿಡ್ ತಿಂದ ಕಲೆಗಳು ಮಾತ್ರ ಇನ್ನೂ ಇವೆ. ಅಂಗಡಿಯವನು ಎಷ್ಟು ತಿಕ್ಕಿದರೂ ಹೋಗಿಲ್ಲವಂತೆ. ಹೇಗೆ ಹೋದಾವು? ಮೂವತ್ತು ವರ್ಷಕ್ಕೂ ಮಿಕ್ಕಿ ಅದೇ ಚಪ್ಪಡಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಟ್ರ್ಯಾಕ್ಟರುಗಳ ಬ್ಯಾಟರಿ, ಸ್ಟಾರ್ಟರ್, ವೈರಿಂಗ್ ರಿಪೇರಿ ಮಾಡಿದವನು ನಾನು. ಚಿಕ್ಕೋಡಿಯಿಂದ ಅಥಣಿಯವರೆಗೆ ‘ಡೈನಮೋ ಕಲ್ಲಪ್ಪ’ ಎಂದರೆ ಗೊತ್ತು. ಆ ಹೆಸರು ಬಂದದ್ದು ಹೇಗೆ ಎನ್ನುವುದೇ ಈ ಬರಹದ ತಕರಾರು.

ಈ ಕೆಲಸಕ್ಕೆ ಹೊಸದಾಗಿ ಇಳಿದವರು ಈಗಲೂ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾ, “ಕಾಕಾ, ಯಾವ ಕಂಪನಿ ಮೀಟರ್ ತಗೊಳ್ಳೂನ್ರಿ?” ಎಂದು ಕೇಳುತ್ತಾರೆ. ಯಾವುದಾದರೂ ತಗೊಳ್ರಪ್ಪಾ. ಮೀಟರು ಸುಳ್ಳು ಹೇಳುವುದಿಲ್ಲ. ಅದು ತೋರಿಸಿದ್ದನ್ನು ನಂಬಿ ಅಲ್ಲಿಗೇ ಕೈ ನಿಲ್ಲಿಸುವ ಬುದ್ಧಿ ನಮಗೆ ಬೇಕು. ನನಗೆ ಅದು ಒಂದು ದಿನ ಇರಲಿಲ್ಲ, ಅದರಿಂದ ಒಬ್ಬ ಮನುಷ್ಯನ ಹೆಸರು ಕೆಟ್ಟಿತು. ಅದನ್ನು ಹೇಳಲೆಂದೇ ಕೂತಿದ್ದೇನೆ. ಆದರೆ ನೆಟ್ಟಗೆ ಅಲ್ಲಿಗೆ ಹೋಗಲು ಬಾಯಿ ಬರುತ್ತಿಲ್ಲ. ಸ್ವಲ್ಪ ಸುತ್ತು ಹಾಕಿ ಬರುತ್ತೇನೆ, ತಡೆದುಕೊಳ್ಳಿ.

ನಾನು ಕೆಲಸ ಕಲಿತದ್ದು ನಿಪ್ಪಾಣಿಯಲ್ಲಿ, ಹೈವೇ ಪಕ್ಕದ ತಗಡಿನ ಗ್ಯಾರೇಜಿನಲ್ಲಿ. ಪಕ್ಕದಲ್ಲೇ ತಂಬಾಕು ತುಂಬಿಡುವ ವಖಾರ, ದಿನವಿಡೀ ಸೀನು. ನನಗೆ ಕಲಿಸಿದ ವಸ್ತಾದ ಪಾಂಡುದಾದಾ. ಮನೆಮಾತು ಮರಾಠಿ, ಸಿಟ್ಟು ಬಂದರೆ ಕನ್ನಡ. ಬಯ್ಯುವುದಕ್ಕೆ ಕನ್ನಡವೇ ಚಲೋ ಎನ್ನುತ್ತಿದ್ದ. ಕಲಿಸುವುದಿದ್ದರೆ ಮಾತ್ರ ಮರಾಠಿ: “ಆಧಿ ಬಘ್, ಮಗ್ ಹಾತ್ ಲಾವ್.” ಮೊದಲು ನೋಡು, ಆಮೇಲೆ ಕೈ ಹಚ್ಚು. ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಹತ್ತು ಸಲ ಕೇಳಿದ ಮಾತು ಕಿವಿಯಲ್ಲೇ ಉಳಿದುಬಿಡುತ್ತದೆ, ಒಳಗೆ ಇಳಿಯುವುದಿಲ್ಲ.

ಆಗ ಲಾರಿಗಳಿಗೆಲ್ಲ ಡೈನಮೋ. ಇಂಜಿನ್ನಿನ ಮಗ್ಗುಲಲ್ಲಿ ಬೆಲ್ಟಿನಿಂದ ತಿರುಗಿ, ಕರೆಂಟು ಹುಟ್ಟಿಸಿ, ಬ್ಯಾಟರಿ ತುಂಬುವ ಯಂತ್ರ. ಅದು ಸರಿಯಿದೆಯೋ ಇಲ್ಲವೋ ನೋಡಲು ದಾದಾನದೊಂದು ರೀತಿ ಇತ್ತು. ಇಂಜಿನ್ ಚಾಲೂ ಇಟ್ಟು, ಲೈಟು ಹಚ್ಚಿ, ಬ್ಯಾಟರಿಯ ವೈರನ್ನು ಕಿತ್ತುಬಿಡುವುದು. ಲೈಟು ಉರಿಯುತ್ತಲೇ ಇದ್ದರೆ ಡೈನಮೋ ಜೀವಂತ; ಆರಿದರೆ ಸತ್ತಿದೆ. ಮೀಟರು ಬೇಡ, ಲೆಕ್ಕ ಬೇಡ. ನನಗೆ ಇದು ಎಷ್ಟು ಹಿಡಿಸಿತೆಂದರೆ, ಹಾರೂಗೇರಿಯಲ್ಲಿ ನನ್ನದೇ ಅಂಗಡಿ ಇಟ್ಟ ಮೇಲೆ ಅದನ್ನೊಂದು ಆಟವೇ ಮಾಡಿಕೊಂಡೆ. ನಾಲ್ಕು ಜನ ಸೇರಿದ್ದಾಗ ಪಟ್ಟನೆ ವೈರು ಕೀಳುವುದು, ನೀಲಿ ಕಿಡಿ ಹಾರುವುದು, ಲೈಟು ಆರದೆ ಉಳಿಯುವುದು. ಜನ “ಅಬ್ಬಬ್ಬಾ!” ಎನ್ನುವರು. ನಾನು ಮೀಸೆ ತಿರುವುತ್ತಿದ್ದೆ. ಹೆಸರು ಬಂದದ್ದು ಹೀಗೆ.

ಡೈನಮೋ ಹೋಗಿ ಅದರ ಜಾಗಕ್ಕೆ ಅಲ್ಟರ್ನೇಟರ್ ಬಂತು. ಕೆಲಸ ಅದೇ; ಒಳಗಿನ ಸಾಮಾನು ಬೇರೆ, ಸೂಕ್ಷ್ಮ. ನನ್ನ ಆಟ ಮಾತ್ರ ಬದಲಾಗಲಿಲ್ಲ.

ನನಗೆ ಏನೂ ಬರುತ್ತಿರಲಿಲ್ಲ ಎಂದು ತಿಳಿಯಬೇಡಿ. ಜಾಣತನದ ದಿನಗಳೂ ಇದ್ದವು. ಪ್ರತಿ ತಿಂಗಳೂ ಅಮಾವಾಸ್ಯೆಯಾದ ಎರಡು ಮೂರು ದಿನಕ್ಕೆ ನನ್ನ ಅಂಗಡಿ ಮುಂದೆ ಟ್ರ್ಯಾಕ್ಟರುಗಳ ಸಾಲು. ಎಲ್ಲರದೂ ಒಂದೇ ಗೋಳು: “ಮಿಸ್ತ್ರಿ, ಚಾರ್ಜ್ ಆಗವಲ್ದು.” ಹಲವು ವರ್ಷ ನನಗೆ ಇದು ತಲೆಗೇ ಹೋಗಲಿಲ್ಲ. ಒಂದು ದಿನ ಯಡೂರಿನವನೊಬ್ಬನ ಗಾಡಿ ಬಿಚ್ಚಿದಾಗ ಅಲ್ಟರ್ನೇಟರಿನ ಹೊಟ್ಟೆಯಿಂದ ಕೆಸರು ನೀರು ಬಂತು. ಅದರ ಫ್ಯಾನಿಗೆ ಚೆಂಡುಹೂವಿನ ಹಾರದ ದಾರ ಸುತ್ತಿಕೊಂಡಿತ್ತು. ಆಗ ಹೊಳೆಯಿತು. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡದವರು ಯಾರಿದ್ದಾರೆ? ಭಕ್ತಿ ಹೆಚ್ಚಾದಷ್ಟೂ ನೀರಿನ ಪೈಪು ಇಂಜಿನ್ನಿನ ಒಳಗೆ ಹೋಗುತ್ತದೆ.

“ಅಮಾಸಿ ದಿನ ಇದಕ್ಕ ಒಂದು ಪ್ಲಾಸ್ಟಿಕ್ ಚೀಲ ಸುತ್ತಿ ತೊಳಿ. ಹಾರ ಮುಂದಿನ ಬಂಪರಿಗೆ ಹಾಕು, ಬೆಲ್ಟಿನ ಹತ್ರ ಬ್ಯಾಡ,” ಎಂದೆ.

“ಮತ್ತ ದೇವ್ರು ಸಿಟ್ಟಾಗೂದಿಲ್ಲೇನ್ರಿ?”

“ದೇವ್ರು ಆಗೂದಿಲ್ಲ. ಚೀಲ ಸುತ್ತಲಿಲ್ಲಂದ್ರ ನಾ ಆಗ್ತೀನಿ.”

ಕಬ್ಬಿನ ಹಂಗಾಮಿನಲ್ಲಿ ಇನ್ನೊಂದು ತರಹದವರು. ಎರಡು ಟ್ರೈಲರ್ ಕಬ್ಬು ಎಳೆಯುವ ಗಾಡಿಯ ಮೇಲೆ ಆರೆಂಟು ಸೌಂಡ್ ಬಾಕ್ಸ್ ಕಟ್ಟಿಕೊಂಡು, ಊರಿಗೆ ಊರೇ ಗಡಗಡ ನಡುಗುವಂತೆ ಹಾಡು ಹಚ್ಚಿಕೊಂಡು ಬರುವವರು. ಅವರಲ್ಲೊಬ್ಬ ಬಂದು ಹೆಮ್ಮೆಯಿಂದ ಹೇಳಿದ: “ಮಿಸ್ತ್ರಿ, ಹಾಡ ಹಚ್ಚಿದ್ರ ಹೆಡ್‌ಲೈಟ್ ಸೈತ ತಾಳಕ್ಕ ಕುಣೀತಾವ ನೋಡ್ರಿ!” ನಾನು ಹೇಳಿದೆ: “ಲೈಟ್ ಕುಣ್ಯಾಕತ್ತಿಲ್ಲೋ ಮಾರಾಯಾ. ನಿನ್ನ ಅಲ್ಟರ್ನೇಟರ್ ಬಾಯಿ ಬಡಕೊಂಡು ಅಳಾಕತ್ತೈತಿ.” ಅವನಿಗೆ ನಗು, ನನಗೆ ಕೆಲಸ.

ದಡ್ಡತನದ ದಿನಗಳೂ ಇದ್ದವು. ಒಮ್ಮೆ ರಾಯಬಾಗದ ಒಬ್ಬರ ಗಾಡಿಗೆ ಅರ್ಧ ದಿನ ಕೂತು ಹೊಸ ಅಲ್ಟರ್ನೇಟರ್ ಕೂಡಿಸಿದೆ. ಆದರೂ ಚಾರ್ಜ್ ಇಲ್ಲ. ಕೊನೆಗೆ ನೋಡಿದರೆ ಬೆಲ್ಟು ಸಡಿಲ; ಹೆಬ್ಬೆರಳಿನಿಂದ ಒತ್ತಿದರೆ ಹಗ್ಗದ ಹಾಗೆ ಜೋತುಬಿತ್ತು. ಹಳೆಯದನ್ನೇ ತಿರುಗಿ ಹಾಕಿ, ಬೆಲ್ಟು ಬಿಗಿದು, ಅವರಿಗೆ ನಿಜ ಹೇಳಿಬಿಟ್ಟೆ. ಅವರು ಬಿದ್ದು ಬಿದ್ದು ನಕ್ಕರು. ಅಂಥ ತಪ್ಪು ಒಪ್ಪಿಕೊಳ್ಳುವುದು ಸುಲಭ, ಯಾಕೆಂದರೆ ಅದರಿಂದ ಯಾರಿಗೂ ಪೆಟ್ಟಾಗಿರಲಿಲ್ಲ.

ಈಗ ಬರಬೇಕಾದಲ್ಲಿಗೆ ಬಂದೆ.

ಕಾಗವಾಡದ ಆಚೆ ಭೂಪಾಲಣ್ಣ ಎನ್ನುವ ಜೈನ ಒಕ್ಕಲಿಗರ ದ್ರಾಕ್ಷಿ ತೋಟ. ನನಗಿಂತ ಹತ್ತು ವರ್ಷ ಹಿರಿಯರು, ಮೆತ್ತಗಿನ ಮಾತು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆ. ಸಂಜೆ ಅಲ್ಲಿ ಕೆಲಸ ಮಾಡುತ್ತಿದ್ದರೆ ನನ್ನನ್ನೂ ಬಿಸಿಲಿರುವಾಗಲೇ ತಟ್ಟೆಯ ಮುಂದೆ ಕೂರಿಸುತ್ತಿದ್ದರು. ಅವರಲ್ಲೊಂದು ಸಣ್ಣ ಟ್ರ್ಯಾಕ್ಟರ್ ಇತ್ತು. ದ್ರಾಕ್ಷಿಯ ಸಾಲುಗಳ ನಡುವೆ ದೊಡ್ಡ ಗಾಡಿ ಹೋಗುವುದಿಲ್ಲ, ಅದಕ್ಕೇ ಈ ಮಿನಿ. ಹಿಂದೆ ಔಷಧ ಹೊಡೆಯುವ ಬ್ಲೋವರ್. ಅದನ್ನು ನಡೆಸುತ್ತಿದ್ದವನು ಸಿದ್ದಪ್ಪ.

ಸಿದ್ದಪ್ಪ ಕುರಿಗಾರರ ಮನೆಯವನು. ಅಣ್ಣಂದಿರೆಲ್ಲ ಕುರಿ ಹಿಂದೆ ಊರೂರು ತಿರುಗುತ್ತಿದ್ದರೆ, ಈತ ಒಬ್ಬನೇ ಚಾವಿ ಹಿಡಿದವನು. ಆ ಚಾವಿಯನ್ನು ಉಡದಾರಕ್ಕೆ ಕಟ್ಟಿಕೊಂಡಿರುತ್ತಿದ್ದ. “ಜಳಕ ಮಾಡೂವಾಗರೆ ಬಿಚ್ತೀಯೇನೋ?” ಎಂದು ನಾನು ಕಾಡುತ್ತಿದ್ದೆ. “ಉಡದಾರ ಯಾರರೆ ಬಿಚ್ತಾರೇನ್ರಿ ಮಿಸ್ತ್ರಿ?” ಎನ್ನುತ್ತಿದ್ದ. ಸಾಲಿನ ಕಂಬಕ್ಕೆ ಎಲ್ಲೂ ತಾಕದ ಹಾಗೆ ಗಾಡಿ ತಿರುಗಿಸುವವನು, ಒಂದು ಗೊನೆಯನ್ನೂ ಕೆಡವಿದವನಲ್ಲ. ಅಕ್ಕಪಕ್ಕದ ತೋಟದವರು ಅವನನ್ನು ಎರವಲು ಕೇಳಿಕೊಂಡು ಬರುತ್ತಿದ್ದರು.

ದೀಪಾವಳಿ ಮುಗಿದಿತ್ತು, ಗಿಡ ಹೂವು ಬಿಟ್ಟಿತ್ತು. ಬೆಳಗಿನ ಜಾವ ಮಂಜು ಬೀಳಲು ಸುರುವಾಗಿತ್ತು. ದ್ರಾಕ್ಷಿ ಬೆಳೆದವರಿಗೆ ಗೊತ್ತು, ಹೂವಿನ ಮೇಲೆ ಮಂಜು ಕೂತರೆ ಡೌನಿ ಎಂಬ ಬೂಸ್ಟು ರೋಗ ಹಿಡಿಯುತ್ತದೆ. ಅಂದಂದಿನ ಔಷಧ ಅಂದಂದೇ ಹೊಡೆಯಬೇಕು. ಅಂಥ ಹೊತ್ತಿನಲ್ಲಿ ಗಾಡಿಯ ಬ್ಯಾಟರಿ ಇಳಿಯತೊಡಗಿತು. ಎರಡು ದಿನ ಹಿಂದೆ ಸಿದ್ದಪ್ಪ ಪಕ್ಕದವರ ಜೀಪಿನ ಬ್ಯಾಟರಿಯಿಂದ ವೈರು ಕೊಟ್ಟು ಚಾಲೂ ಮಾಡಿದ್ದನಂತೆ. ಮೂರನೆಯ ದಿನ ಬೆಳಿಗ್ಗೆ ನನಗೆ ಫೋನು ಬಂತು.

ನಾನು ಹೋದಾಗ ತೋಟದ ಕೆಲಸದವರು, ನೆರೆಯ ಒಕ್ಕಲಿಗರು ಎಲ್ಲ ಸೇರಿ ಏಳೆಂಟು ಜನ ನಿಂತಿದ್ದರು. ಅವರಿಂದ ಗಾಡಿ ತಳ್ಳಿಸಿ ಇಂಜಿನ್ ಚಾಲೂ ಮಾಡಿ, ಬಾನೆಟ್ ಎತ್ತಿ ಬ್ಯಾಟರಿಗೆ ಮೀಟರ್ ಹಚ್ಚಿದೆ. ಇಂಜಿನ್ ಚಾಲೂ ಇದ್ದರೆ ಹದಿನಾಲ್ಕು ವೋಲ್ಟ್ ಸುತ್ತಮುತ್ತ ತೋರಿಸಬೇಕು. ಹನ್ನೆರಡಕ್ಕಿಂತ ಮೇಲೆ ಏಳಲಿಲ್ಲ. ಬೆಲ್ಟು ಒತ್ತಿದೆ, ಬಿಗಿಯಿತ್ತು. ಮೇನ್ ಫ್ಯೂಸು ಸರಿ ಇತ್ತು. ಅಲ್ಟರ್ನೇಟರಿನ ಬೆನ್ನಿಗಿದ್ದ ಸಣ್ಣ ಪ್ಲಗ್ ನೋಡಿದೆ. ಹಸಿರುಗಟ್ಟಿತ್ತು. ಔಷಧದಲ್ಲಿರುವ ಮೈಲುತುತ್ತದ ತುಂತುರು ತಿಂಗಳುಗಟ್ಟಲೆ ಕೂತು ಪಿನ್ನುಗಳನ್ನು ತಿಂದಿತ್ತು. ಬೆರಳಿನಿಂದ ಪ್ಲಗ್ಗನ್ನು ಒತ್ತಿ ಹಿಡಿದೆ. ಮೀಟರು ಹದಿನಾಲ್ಕಕ್ಕೆ ಏರಿ ನಿಂತಿತು.

ಅಲ್ಲಿಗೆ ಮುಗಿದಿತ್ತು. ಅಲ್ಟರ್ನೇಟರ್ ಚಂದಾಗಿ ಬದುಕಿದೆ ಎಂದು ಮೀಟರು ಮುಖಕ್ಕೆ ಹೊಡೆದ ಹಾಗೆ ಹೇಳಿತ್ತು. ಇಂಜಿನ್ ಬಂದ್ ಮಾಡಿ, ಪಿನ್ನು ತಿಕ್ಕಿ, ಪ್ಲಗ್ ಬಿಗಿ ಮಾಡಿ, ಚಹಾ ಕುಡಿದು ಬರಬಹುದಿತ್ತು. ಕಾಲು ತಾಸಿನ ಕೆಲಸ.

ಆದರೆ ಜನ ನಿಂತಿದ್ದರಲ್ಲ! ಅವರಲ್ಲೊಬ್ಬ, “ಡೈನಮೋ ಕಲ್ಲಪ್ಪ, ವೈರ್ ಕಿತ್ತ ತೋರ್ಸೂದಿಲ್ಲೇನು?” ಎಂದ. ಕಾಲು ತಾಸಿನ ಪಿನ್ನು ತಿಕ್ಕುವ ಕೆಲಸಕ್ಕೆ ಹಾರೂಗೇರಿಯಿಂದ ಬಂದವನು ಎನ್ನಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಪ್ಲಗ್ಗನ್ನು ಒತ್ತಿ ಕೂಡಿಸಿ, ಮೀಟರು ಹದಿನಾಲ್ಕು ತೋರಿಸುತ್ತಿರುವಾಗಲೇ ಎಕ್ಸಲರೇಟರ್ ಏರಿಸಿ, ಲೈಟು ಹಚ್ಚಿಸಿ, ಪಟ್ಟನೆ ಬ್ಯಾಟರಿ ವೈರು ಕಿತ್ತೆ.

ಕಿಡಿ ಹಾರಿತು. ಹೆಡ್‌ಲೈಟು ಬೆಳ್ಳಗೆ ಒಮ್ಮೆ ಝಗ್ಗೆಂದು ಆರಿಹೋಯಿತು. ವೈರು ತಿರುಗಿ ಹಾಕಿ ನೋಡಿದರೆ ಮೀಟರು ಹನ್ನೆರಡು. ಪ್ಲಗ್ ಒತ್ತಿದರೂ ಹನ್ನೆರಡು. ಜನ ಈ ಸಲ ಅಬ್ಬಬ್ಬಾ ಎನ್ನಲಿಲ್ಲ.

“ಅಲ್ಟರ್ನೇಟರ್ ಹೋಗೇತಿ,” ಎಂದೆ.

“ಹೆಂಗ ಹೋತು ಕಲ್ಲಪ್ಪಾ? ಹೊಸಾದೈತಿ,” ಎಂದರು ಭೂಪಾಲಣ್ಣ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆ ನೋಟದಿಂದ ತಪ್ಪಿಸಿಕೊಳ್ಳಬೇಕು ಅನ್ನಿಸಿತು, ಅಷ್ಟೇ. ನನ್ನ ಕೈಯಿಂದಲೇ ಸುಟ್ಟಿತೆಂದು ಆಗ ನನಗೆ ಗೊತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೆ ಎಲ್ಲೋ ಒಂದು ಮುಳ್ಳು ಚುಚ್ಚಿತ್ತು. ಅದನ್ನು ನೋಡದೆ ಮೇಲೆ ಕಾಲಿಟ್ಟು ನಿಂತೆ. “ಮೊನ್ನೆ ಜೀಪಿನ ಬ್ಯಾಟ್ರಿಯಿಂದ ವೈರ್ ಕೊಟ್ಟಾವ ಯಾರು?” ಎಂದು ಕೇಳಿದೆ.

“ನಾ ರಿ,” ಎಂದ ಸಿದ್ದಪ್ಪ.

“ಉಲ್ಟಾ ಹಚ್ಚೀದಿ. ಅದಕ್ಕ ಸುಟ್ಟೈತಿ.”

“ಇಲ್ರಿ ಮಿಸ್ತ್ರಿ! ಕೆಂಪಕ್ಕ ಕೆಂಪ, ಕರೀದಕ್ಕ ಕರೀದ ಹಚ್ಚೀನ್ರಿ. ಬಾಯಿಲೆ ಅಂದುಕೋತನ ಹಚ್ಚೀನ್ರಿ, ನೀವ ಕಲಿಸಿದ್ದಲ್ಲೇನ್ರಿ ಅದು?”

ನಾನೇ ಕಲಿಸಿದ್ದೆ. ಆದರೂ ಹೇಳಿದೆ: “ಹಂಗಾರ ಇದೇನು ತಾನ ಸುಟ್ಟಕೊಂತೇನು?”

ಮಿಸ್ತ್ರಿಯ ಮಾತು ಎಂದರೆ ಮುಗಿಯಿತು.

ಮೀರಜಿನ ಅಂಗಡಿ ಮರುದಿನ ಬಂದ್ ಇತ್ತು; ಹೊಸ ಅಲ್ಟರ್ನೇಟರ್ ಬರಲು ಎರಡು ದಿನ ಹಿಡಿಯಿತು. ಆ ಬ್ಲೋವರಿನ ವಾಲ್ವುಗಳು ಟ್ರ್ಯಾಕ್ಟರಿನ ಕರೆಂಟಿನ ಮೇಲೆಯೇ ನಡೆಯುವಂಥವು. ಕರೆಂಟಿಲ್ಲ, ಔಷಧವಿಲ್ಲ. ಎರಡು ಬೆಳಗು ಮಂಜು ದಟ್ಟವಾಗಿ ಬಿತ್ತು. ಬಾವಿಯ ಕಡೆಯ ಸಾಲುಗಳ ಹೂವೆಲ್ಲ ಕಪ್ಪಾಯಿತು.

ಮೂರನೆಯ ದಿನ ಹೊಸದನ್ನು ಕೂಡಿಸಿದೆ. ಆ ಕೆಲಸವನ್ನು ಮಾತ್ರ ಪುಸ್ತಕದಲ್ಲಿ ಬರೆದಷ್ಟು ಶಿಸ್ತಾಗಿ ಮಾಡಿದೆ. ಮೊದಲು ಇಂಜಿನ್ ಬಂದ್ ಮಾಡಿ ಬ್ಯಾಟರಿಯ ಕರೀ ವೈರು ತೆಗೆಯುವುದು. ಬೆಲ್ಟು ಸಡಿಲಿಸಿ ಕಳಚುವುದು. ಯಾವ ವೈರು ಎಲ್ಲಿತ್ತು ಎಂದು ಗುರುತು ಹಾಕಿ ಬಿಚ್ಚುವುದು. ಹೊಸದರ ಪುಲ್ಲಿ ಹಳೆಯದಕ್ಕೆ ಸರಿಯಾಗಿದೆಯೇ ಎಂದು ಜೋಡಿಸಿ ನೋಡುವುದು. ಮಿನಿ ಗಾಡಿಯಲ್ಲಿ ಕೈ ಹೋಗಲು ಜಾಗವಿಲ್ಲ, ರೇಡಿಯೇಟರಿಗೆ ಮೊಣಕೈ ತರಚುತ್ತದೆ. ಪ್ಲಗ್ಗಿನ ಹಸಿರುಗಟ್ಟಿದ ಪಿನ್ನುಗಳನ್ನೂ ಹೊಳೆಯುವಂತೆ ತಿಕ್ಕಿದೆ. ಮೀಟರು ಹದಿನಾಲ್ಕು ತೋರಿಸಿತು. ನನಗೆ ಹಾಯೆನ್ನಿಸಿತು, ನಾಚಿಕೆಗೆಟ್ಟವನಿಗೆ.

ಭೂಪಾಲಣ್ಣ ಬಾವಿ ಕಡೆಯಿಂದ ಬಂದರು. ಬಯ್ಯಲಿಲ್ಲ. ಸಿದ್ದಪ್ಪನ ಮುಂದೆ ಅಂಗೈ ಚಾಚಿದರು. “ಚಾವಿ ಕೊಡು.” ಸಿದ್ದಪ್ಪ ಅಂಗಿ ಎತ್ತಿ ಉಡದಾರದ ಗಂಟಿಗೆ ಕೈ ಹಾಕಿದ. ವರ್ಷಗಳ ಗಂಟು, ಬಿಚ್ಚಲಿಲ್ಲ. ಎಲ್ಲರೂ ನೋಡುತ್ತಿರುವಾಗ ಉಗುರಿನಿಂದ ಕೆದರಿ ಕೆದರಿ, ಕೊನೆಗೆ ಹಲ್ಲಿಗೆ ನಿಲುಕದ್ದರಿಂದ, ನನ್ನ ಕಡೆ ತಿರುಗಿ, “ಮಿಸ್ತ್ರಿ, ಪಕ್ಕಡ ಕೊಡ್ರಿ,” ಎಂದ. ಕೊಟ್ಟೆ. ನನ್ನ ಆ ಇಕ್ಕಳದಿಂದಲೇ ದಾರ ಕತ್ತರಿಸಿ ಚಾವಿ ಕೊಟ್ಟು, ಅಣ್ಣನ ಕುರಿ ಹಿಂಡಿಗೆ ಹೊರಟುಹೋದ.

ಮುಂದೆ ಎರಡು ದೀಪಾವಳಿ ಕಳೆದವು. ಭೂಪಾಲಣ್ಣ ತಾವೇ ಗಾಡಿ ನಡೆಸತೊಡಗಿದ್ದರು. ನಾನು ಸಿದ್ದಪ್ಪನನ್ನು ಮರೆತೆ ಎಂದರೆ ಸುಳ್ಳು; ನೆನಪಾದಾಗಲೆಲ್ಲ ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ಚಿಕ್ಕೋಡಿಯಲ್ಲಿ ಒಂದು ಟ್ರ್ಯಾಕ್ಟರ್ ಶೋರೂಮಿನವರು ಊರ ಮಿಸ್ತ್ರಿಗಳಿಗೆಲ್ಲ ಒಂದು ದಿನದ ತರಬೇತಿ ಇಟ್ಟಿದ್ದರು. ಊಟ ಇದೆ ಎಂದು ಹೋದೆ. ಕಲಿಸಲು ಬಂದವಳು ಅಶ್ವಿನಿ ಎಂಬ ಹೆಣ್ಣುಮಗಳು, ನಮ್ಮ ಕಡೆಯವಳೇ, ಇಂಜಿನಿಯರ್. ಮಧ್ಯಾಹ್ನದ ಊಟಕ್ಕೆ ಮೊದಲು ಅಲ್ಟರ್ನೇಟರ್ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ಹೇಳಿದಳು: “ಇಂಜಿನ್ ಚಾಲೂ ಇದ್ದಾಗ ಬ್ಯಾಟ್ರಿ ವೈರ್ ಎಂದೂ ತೆಗೀಬ್ಯಾಡ್ರಿ. ಹುಟ್ಟಿದ ಕರೆಂಟಿಗೆ ಹೋಗಾಕ ಜಾಗಾ ಸಿಗೂದಿಲ್ಲ, ವೋಲ್ಟೇಜ್ ಒಮ್ಮೆಲೆ ಏರಿ ಒಳಗಿನ ಡಯೋಡ್ ಸುಟ್ಟು ಹೋಗ್ತಾವ.”

ನಾನು ಎದ್ದು ನಿಂತೆ. “ಮೇಡಂ, ನಾ ಮೂವತ್ತು ವರ್ಷದಿಂದ ತೆಗಿಯಾಕತ್ತೀನಿ. ಏನೂ ಆಗಿಲ್ಲ.” ಹಿಂದಿನ ಬೆಂಚಿನವರು ನಕ್ಕರು.

ಅವಳು ನಗಲಿಲ್ಲ. ನಿಧಾನವಾಗಿ ಕೇಳಿದಳು: “ಕಾಕಾ, ಹಂಗ ತೆಗದು ನೋಡಿದ ಮ್ಯಾಲ, ‘ಇದು ಹೋಗೇತಿ’ ಅಂತ ಎಷ್ಟು ಅಲ್ಟರ್ನೇಟರ್ ಬದಲಿ ಮಾಡೀರಿ?”

ಕೂತುಬಿಟ್ಟೆ. ಡೈನಮೋಗೆ ನಡೆದದ್ದು ಇದಕ್ಕೆ ನಡೆಯುವುದಿಲ್ಲ ಎಂದು ಅವಳು ಚಿತ್ರ ಬರೆದು ತೋರಿಸಿದ್ದು ಕಣ್ಣಿಗೆ ಕಂಡಿತೇ ಹೊರತು ತಲೆಯಲ್ಲಿ ಇದ್ದದ್ದು ಒಂದೇ: ಬೆಳ್ಳಗೆ ಝಗ್ಗೆಂದು ಆರಿದ ಆ ಹೆಡ್‌ಲೈಟು.

ಊಟದ ನೆನಪೇ ಇಲ್ಲದೆ ಬಸ್ಸು ಹತ್ತಿದೆ. ಬಿಚ್ಚಿದ ಹಳೆಯ ಅಲ್ಟರ್ನೇಟರುಗಳನ್ನು ನಾನು ಎಸೆಯುತ್ತಿರಲಿಲ್ಲ; ಯಾರದೆಂದು ಬಣ್ಣದಲ್ಲಿ ಬರೆದು ಮೂಲೆಯಲ್ಲಿ ಇಡುತ್ತಿದ್ದೆ. ಅಂಗಡಿಗೆ ಬಂದು ‘ಭೂಪಾಲಣ್ಣ’ ಎಂದು ಬರೆದದ್ದನ್ನು ಬಿಚ್ಚಿದೆ. ಬೇರಿಂಗು ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಬ್ರಶ್ಶು ಹೊಸದರಷ್ಟೇ ಉದ್ದ. ಡಯೋಡುಗಳು ಮಾತ್ರ ಸುಟ್ಟಿದ್ದವು. ಉಲ್ಟಾ ವೈರು ಕೊಟ್ಟರೂ ಅವು ಸುಡುತ್ತವೆ ಎಂದು ಮನಸ್ಸು ಇನ್ನೂ ಒಂದು ನೆಪ ಹುಡುಕಿತು. ಆದರೆ ಸಿದ್ದಪ್ಪ ವೈರು ಕೊಟ್ಟದ್ದು ಎರಡು ದಿನ ಮೊದಲು. ಅವತ್ತೇ ಸುಟ್ಟಿದ್ದರೆ ನನ್ನ ಬೆರಳ ಕೆಳಗೆ ಮೀಟರು ಹದಿನಾಲ್ಕಕ್ಕೆ ಏರುತ್ತಿತ್ತೇ? ನಾನೇ ಹಚ್ಚಿದ ಮೀಟರು, ನಾನೇ ನೋಡಿದ ಅಂಕಿ. ಮೊದಲು ನೋಡು ಎಂದಿದ್ದ ದಾದಾ. ನೋಡಿದ್ದೆನಲ್ಲ! ನೋಡಿಯೂ ಕೈ ಹಚ್ಚಿದೆ. ಆ ಚಪ್ಪಡಿಯ ಮೇಲೆ ಕೂತು ಅತ್ತೆ. ಬರೆಯಲು ನಾಚಿಕೆಯೇನಿಲ್ಲ.

ಮರುದಿನ ಆ ಸುಟ್ಟ ಅಲ್ಟರ್ನೇಟರನ್ನು ಚೀಲದಲ್ಲಿ ಹಾಕಿಕೊಂಡು ಕಾಗವಾಡಕ್ಕೆ ಹೋದೆ. ದಾರಿಯಲ್ಲಿ ಎರಡು ಸಲ ಇಳಿದು ತಿರುಗಿ ಹೋಗೋಣ ಅನ್ನಿಸಿತು. ಇನ್ನು ಮೂರು ತಿಂಗಳಲ್ಲಿ ಕಾಯಂ ಶಟರ್ ಇಳಿಸುವವನು, ಡೈನಮೋ ಕಲ್ಲಪ್ಪನಾಗಿಯೇ ಇಳಿಸಬಹುದಲ್ಲ, ಯಾರು ಕೇಳುತ್ತಾರೆ? ಯಾರೂ ಕೇಳುತ್ತಿರಲಿಲ್ಲ. ಅದೇ ನನ್ನನ್ನು ಹೆದರಿಸಿತು.

ಭೂಪಾಲಣ್ಣ ಪೂರ್ತಿ ಕೇಳಿದರು. ಅಲ್ಟರ್ನೇಟರನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು.

“ನಮ್ಮ ಜೈನರೊಳಗ ವರ್ಷಕ್ಕೊಮ್ಮಿ ಪರ್ವ ಮುಗಿದ ಮ್ಯಾಲ ಎಲ್ಲಾರ ಮುಂದ ಕೈ ಮುಗದು ಕ್ಷಮಾ ಕೇಳ್ತೀವಿ, ಗೊತ್ತೈತಲ್ಲ ಕಲ್ಲಪ್ಪಾ? ಎರಡು ವರ್ಷಾನೂ ಸಿದ್ದಪ್ಪನ ಕುರಿ ಹಟ್ಟಿಗೆ ಹೋಗಿ ಕೇಳೀನಿ. ಬಾಯಿಲೆ ಕೇಳೀನಿ. ಒಳಗ ಮಾತ್ರ, ತಪ್ಪ ಇಂವಂದು, ದೊಡ್ಡಾವ ನಾ ಅಂತ ಇತ್ತು. ಎಂಥಾ ಕ್ಷಮಾ ಅದು?” ಅಲ್ಟರ್ನೇಟರನ್ನು ತಿರುಗಿ ನನ್ನ ಚೀಲಕ್ಕೆ ಹಾಕಿದರು. “ನಿನ್ನ ಮ್ಯಾಲ ಸಿಟ್ಟು ಬಂದೈತಿ. ಆದ್ರ ಅಂವನ್ನ ಒಂದು ಮಾತು ಕೇಳದ ಚಾವಿ ಕಸಗೊಂಡಾಂವ ನಾ.”

ಮೊಳೆಗೆ ತೂಗುಹಾಕಿದ್ದ ಚಾವಿ ತೆಗೆದುಕೊಂಡರು. “ನಡಿ.”

ಅದೇ ಮಿನಿ ಟ್ರ್ಯಾಕ್ಟರಿನಲ್ಲಿ ಹೊರಟೆವು. ಅವರು ನಡೆಸಿದರು, ನಾನು ಮಡ್‌ಗಾರ್ಡಿನ ಮೇಲೆ ಚೀಲ ಹಿಡಿದು ಕೂತೆ. ಕಟಾವಾದ ಕಬ್ಬಿನ ಹೊಲವೊಂದರಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿದ್ದರು. ಮಧ್ಯಾಹ್ನದ ಬಿಸಿಲು. ಗಾಡಿಯ ಸದ್ದಿಗೆ ಸಿದ್ದಪ್ಪ ಎದ್ದು ನಿಂತ. ಮೊದಲು ನೋಡಿದ್ದು ನಮ್ಮನ್ನಲ್ಲ, ಗಾಡಿಯನ್ನು. ಬಡವಾಗಿದ್ದ.

ನಾನು ಇಳಿದು, ಅಲ್ಟರ್ನೇಟರನ್ನು ಚೀಲದಿಂದ ತೆಗೆದು ಅವನ ಮುಂದಿಟ್ಟು ಹೇಳಿದೆ. ಸುತ್ತು ಹಾಕಲಿಲ್ಲ. “ಸಿದ್ದಪ್ಪ, ಅವತ್ತು ನೀ ವೈರ್ ಸರಿ ಹಚ್ಚಿದ್ದಿ. ಅಲ್ಟರ್ನೇಟರ್ ಸುಟ್ಟಾಂವ ನಾ. ಎಲ್ಲಾರ ಮುಂದ ನಿನ್ನ ಹೆಸರ ಹೇಳಿದೆ. ತಪ್ಪಾತು.” ಅವನ ಕಾಲಿಗೆ ಬಗ್ಗಿದೆ. ಅವನು ಹಿಂದೆ ಸರಿದ.

ಬಯ್ಯುತ್ತಾನೆ ಎಂದುಕೊಂಡಿದ್ದೆ. ಬಯ್ದಿದ್ದರೆ ಹಗುರಾಗುತ್ತಿತ್ತು. ಅವನು ಅಲ್ಟರ್ನೇಟರನ್ನು ಮುಟ್ಟದೆ, ಬರೀ ನೋಡುತ್ತಾ ಕೇಳಿದ:

“ಖರೇನೇನ್ರಿ? ಕೆಂಪಕ್ಕ ಕೆಂಪನ ಹಚ್ಚಿದ್ನೇನ್ರಿ ನಾ?”

“ಖರೇನ.”

“ಮೊದಲ ಎಂಟು ದಿನ ನಿಮ್ಮ ಮ್ಯಾಲ ಭಾಳ ಸಿಟ್ಟಿತ್ರಿ ಮಿಸ್ತ್ರಿ. ಆಮ್ಯಾಲ ಅಂದುಕೊಂಡೆ, ಮಿಸ್ತ್ರಿ ಸುಳ್ಳ ಯಾಕ ಹೇಳ್ಯಾರು? ನನ್ನ ಕಣ್ಣ ತಪ್ಪಿರಬೇಕು. ಅಂದುಕೋತ ಅಂದುಕೋತ, ಉಲ್ಟಾ ಹಚ್ಚಿದ್ದ ನನಗ ನೆನಪಾಗಾಕ ಹತ್ತಿತ್ರಿ. ಕರೀ ವೈರ್ ಕೆಂಪಕ್ಕ ಹಚ್ಚೂದು ಕಣ್ಣಿಗೆ ಕಟ್ಟಿಧಂಗ ಕಾಣ್ತಿತ್ತು.” ಹೆಗಲ ಚೀಲದ ಮೇಲೆ ಕೈಯಿಟ್ಟ. “ಅವತ್ತಿಂದ ನಾ ಬ್ಯಾಟ್ರಿ ಮುಟ್ಟಿಲ್ರಿ. ಈ ಟಾರ್ಚಿಗೆ ಸೆಲ್ ಹಾಕೂದಿದ್ರೂ ನನ್ನ ಮಗಳ ಹಾಕಿ ಕೊಡ್ತಾಳ.”

ಅವನ ಕೆಲಸ ಹೋಗಿದ್ದು ಗೊತ್ತಿತ್ತು, ಹೆಸರು ಹೋಗಿದ್ದು ಗೊತ್ತಿತ್ತು. ಅವನ ಕೈಯನ್ನೇ ಅವನು ನಂಬದ ಹಾಗೆ ಮಾಡಿಟ್ಟಿದ್ದೇನೆ ಎಂದು ಗೊತ್ತಿರಲಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುವವರೇ, ನಿಮ್ಮ ಬಾಯಿಂದ ಬಂದ ಒಂದು ಮಾತಿಗೆ ಜನ ತಮ್ಮ ಕಣ್ಣಿಗಿಂತ ಹೆಚ್ಚು ಬೆಲೆ ಕೊಡುತ್ತಾರೆ. ನಾನು ಹೇಳಬೇಕೆಂದಿದ್ದದ್ದು ಇಷ್ಟೇ.

ಭೂಪಾಲಣ್ಣ ಚಾವಿ ಮುಂದೆ ಹಿಡಿದರು. “ತಗೋ ಸಿದ್ದಪ್ಪ. ಈ ಸಲ ಒಳಗಿಂದ ಕ್ಷಮಾ ಕೇಳಾಕತ್ತೀನಿ.”

ಸಿದ್ದಪ್ಪ ತೆಗೆದುಕೊಳ್ಳಲಿಲ್ಲ. ಹೊಲದ ಬದುವಿನ ಮೇಲೆ ಕೂತು ಚೀಲದಿಂದ ಟಾರ್ಚ್ ತೆಗೆದ. ಹಿಂದಿನ ಮುಚ್ಚಳ ತಿರುವಿ ಮೂರೂ ಸೆಲ್ಲುಗಳನ್ನು ಅಂಗೈಗೆ ಸುರಿದುಕೊಂಡ. ಒಂದೊಂದನ್ನೂ ತಿರುಗಿಸಿ, ಮೊಗ್ಗಿನಂಥ ತುದಿ ಯಾವ ಕಡೆಗಿದೆ ಎಂದು ನೋಡಿ, ಬಾಯಲ್ಲಿ ಏನೋ ಅಂದುಕೊಳ್ಳುತ್ತಾ ಒಳಗೆ ಇಳಿಸಿದ. ಮುಚ್ಚಳ ಬಿಗಿದ. ಬಟನ್ ಒತ್ತಿದ. ಅಂಥ ಬಿಸಿಲಿನಲ್ಲಿ ಏನು ಕಂಡೀತು? ಗಾಜಿನ ಮೇಲೆ ಅಂಗೈ ಮುಚ್ಚಿ ಹಿಡಿದು ನೋಡಿದ. ಬೆರಳ ಸಂದಿಯೆಲ್ಲ ಕೆಂಪಾಗಿ ಬೆಳಗಿತು.

ಆಮೇಲೆ ಚಾವಿಗೆ ಕೈ ಚಾಚಿದ.